ಮಾಡು ಮಡಚುವ ಕಾರು: ಮೊದಲು ದಂಬೆ ನೋಡಿ, ಆಮೇಲೆ ಹಾಡು ಕೇಳಿ

ಕಾಸರಗೋಡು: ಗಲ್ಫಿನ ರಸ್ತೆಗಳಲ್ಲಿ ಮಾಡು ಮಡಚಿಕೊಂಡು ಓಡುವ ಐಷಾರಾಮಿ ಕಾರುಗಳನ್ನು ಕಂಡು ಬಂದವರಿಗೆ ಊರಿನಲ್ಲೂ ಅಂಥದ್ದೊಂದು ಇರಲಿ ಎಂಬ ಆಸೆ ಸಹಜ. ಆದರೆ ದುಬೈಯ ಕಾರನ್ನು ಹಾಗೇ ತಂದು ಇಲ್ಲಿ ರಿಜಿಸ್ಟರ್ ಮಾಡಲು ಬರುವುದಿಲ್ಲ. ಹೊರದೇಶದಿಂದ ತರುವ ಬಳಸಿದ ಕಾರು 3 ವರ್ಷಕ್ಕಿಂತ ಹಳತಾಗಿರಬಾರದು, ಸ್ಟಿಯರಿಂಗ್ ಬಲಗಡೆಯೇ ಇರಬೇಕು ಎನ್ನುತ್ತದೆ ಆಮದು ನಿಯಮ. ಗಲ್ಫ್ ಕಾರುಗಳ ಸ್ಟಿಯರಿಂಗ್ ಎಡಗಡೆ. ಹಾಗಾಗಿ ಆಸೆಗೆ ಉಳಿಯುವ ದಾರಿ, ಭಾರತದಲ್ಲೇ ಮಾರಾಟವಾದ ಬಿಎಂಡಬ್ಲ್ಯು ಝಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಆಡಿ ಎ3 ಕ್ಯಾಬ್ರಿಯೊಲೆಟ್‌ನಂಥ ಸೆಕೆಂಡ್‌ಹ್ಯಾಂಡ್ ಕಾರು.

ಹತ್ತು ವರ್ಷ ದಾಟಿದ ಇಂಥ ಕಾರಿನಲ್ಲಿ ಇಂಜಿನ್ ಗಟ್ಟಿಯಾಗಿದ್ದರೂ ಒಳಗಿನದ್ದು ಹಳತಾಗಿರುತ್ತದೆ. ಸಿ.ಡಿ. ನುಂಗುವ ಸೆಟ್, ದಾರಿ ಮರೆತ ನ್ಯಾವಿಗೇಶನ್, ಬಿರುಕು ಬಿಟ್ಟ ಚರ್ಮದ ಸೀಟು. ‘ಎಂಥ ಮಾರಾಯ್ರೆ, ಇಷ್ಟು ದೊಡ್ಡ ಕಾರಿನಲ್ಲಿ ಒಂದು ಹಾಡು ಕೇಳ್ಲಿಕ್ಕೆ ಆಗುದಿಲ್ವಾ?’ ಎಂದು ನೆಂಟರು ಕೇಳುವ ಮೊದಲೇ ಮಾಲಕರು ಆಡಿಯೋ ಅಂಗಡಿಗೆ ಓಡುತ್ತಾರೆ. ಹಣ ಪೋಲಾಗುವುದು ಅಲ್ಲಿಯೇ. ಈ ಕಾರುಗಳಲ್ಲಿ ಕೆಲಸಕ್ಕೊಂದು ಕ್ರಮ ಉಂಟು. ಅದು ಶುರುವಾಗುವುದು ಹಾಡಿನಿಂದಲ್ಲ, ನೀರಿನಿಂದ.

ಆಟಿ ಮಳೆಯ ಪರೀಕ್ಷೆ

ಹಂಚಿನ ಮನೆಯ ಮಾಡಿಗೆ ಅಡಿಕೆ ಮರದ ದಂಬೆ ಕಟ್ಟಿದ ಹಾಗೆ, ಮಡಚುವ ಮಾಡಿನ ಕಾರಿಗೂ ನೀರು ಹೊರಗೆ ಹೋಗುವ ಓಣಿ ಮತ್ತು ಕೊಳವೆಗಳು ಇರುತ್ತವೆ. ಎಲೆ, ಮಣ್ಣು ಸೇರಿ ಅವು ಕಟ್ಟಿಕೊಂಡರೆ ನೀರು ಇಳಿಯುವುದು ಡಿಕ್ಕಿಗೆ, ಇಲ್ಲವೇ ಸೀಟಿನಡಿಯ ಕಾರ್ಪೆಟ್ಟಿಗೆ. ಅನೇಕ ಮಾದರಿಗಳಲ್ಲಿ ಆಂಪ್ಲಿಫೈಯರ್ ಮತ್ತು ಇತರ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಇಟ್ಟಿರುವುದೂ ಅಲ್ಲೇ. 2002ರಿಂದ 2008ರವರೆಗೆ ಬಂದ ಮೊದಲ ತಲೆಮಾರಿನ ಝಡ್4ರಲ್ಲಿ ಮಾಡು ಎತ್ತುವ ಮೋಟರೇ ತಗ್ಗಿನ ಮೂಲೆಯಲ್ಲಿದ್ದು, ಕೊಳವೆ ಕಟ್ಟಿದಾಗ ನೀರಿನಲ್ಲಿ ಮುಳುಗಿ ಕೆಡುವುದು ಆ ಕಾರಿನ ಹೆಸರಾಂತ ರೋಗ.

ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಈ ಕೊಳವೆಗಳನ್ನು ಮಳೆಗಾಲಕ್ಕೆ ಮುಂಚೆ ಶುಚಿ ಮಾಡದೆ ಹೊಸ ಸೆಟ್ ಕೂರಿಸಿದರೆ ಅದು ಒಂದು ಆಟಿಯನ್ನೂ ದಾಟಲಿಕ್ಕಿಲ್ಲ. ಕಾರ್ಪೆಟ್ ಎತ್ತಿ ಒದ್ದೆ ನೋಡುವುದು, ಮಾಡಿನ ಅಂಚಿನ ರಬ್ಬರ್ ಪರೀಕ್ಷಿಸುವುದು ಮೊದಲ ಕೆಲಸ. ಖರ್ಚು ಕಡಿಮೆ, ಉಳಿತಾಯ ಹೆಚ್ಚು.

ಬೆಳಕಿನ ಸರಪಣಿ

2000ದ ದಶಕದ ಅನೇಕ ಜರ್ಮನ್ ಕಾರುಗಳಲ್ಲಿ ರೇಡಿಯೋ, ಸಿ.ಡಿ. ಪೆಟ್ಟಿಗೆ, ಆಂಪ್ಲಿಫೈಯರ್, ಫೋನ್ ಘಟಕಗಳನ್ನು ಜೋಡಿಸಿರುವುದು ತಾಮ್ರದ ವಯರ್ ಅಲ್ಲ, ಬೆಳಕು ಹರಿಯುವ ಪ್ಲಾಸ್ಟಿಕ್ ನಾರು. ‘ಮೋಸ್ಟ್’ ಎಂದು ಕರೆಯುವ ಈ ವ್ಯವಸ್ಥೆ ಒಂದು ಉಂಗುರದಂತೆ. ನಡುವೆ ಒಂದು ಘಟಕ ಸತ್ತರೆ ಉಳಿದವೂ ಮೌನ. ಆದ್ದರಿಂದ ಹಾಡು ನಿಂತ ಕೂಡಲೇ ಸೆಟ್ಟೇ ಹೋಯಿತು ಎಂದುಕೊಳ್ಳಬಾರದು. ಒಂದೊಂದೇ ಘಟಕವನ್ನು ಬದಿಗಿಟ್ಟು ಉಂಗುರ ಕೂಡಿಸಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಕೆಲವೊಮ್ಮೆ ಒದ್ದೆಯಾದ ಒಂದು ಪೆಟ್ಟಿಗೆ ಬದಲಿಸಿದರೆ ಸಾಕು. ಇಂಥ ಕಾರಿನ ವಯರಿಂಗ್ ಕತ್ತರಿಸಿ ಜೋಡಿಸುವ ಅಂಗಡಿಯವರಿಗಿಂತ, ಆಯಾ ಮಾದರಿಗೆ ಒಪ್ಪುವ ಕನೆಕ್ಟರ್ ಬಳಸುವವರೇ ಲೇಸು.

ದಾರಿ ಮತ್ತು ಊರ ಹೆಸರು

ಹಳೆ ನ್ಯಾವಿಗೇಶನ್ ಡಿಸ್ಕಿನ ನಕ್ಷೆಗೆ ಇಂದಿನ ರಸ್ತೆ ಗೊತ್ತಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿ ಆರು ಪಥವಾದ ಮೇಲೆ ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು, ಎಲ್ಲಿ ಅಡಿಹಾದಿ ಎಂಬುದೇ ಬೇರೆಯಾಗಿದೆ. ಹಳೆ ಘಟಕಗಳಿಗೆ ಇನ್ನೊಂದು ಪೆಟ್ಟು 2019ರ ಏಪ್ರಿಲ್ 6ರಂದು ಬಿತ್ತು. ಜಿ.ಪಿ.ಎಸ್. ವಾರಗಳ ಎಣಿಕೆ ಅಂದು ಮತ್ತೆ ಸೊನ್ನೆಗೆ ಮರಳಿದ್ದರಿಂದ ಕೆಲವು ಉಪಕರಣಗಳು ತಾರೀಕು ತಪ್ಪಿದವು.

2014ರಲ್ಲಿ ಆ್ಯಪಲ್ ಕಾರ್‌ಪ್ಲೇ, 2015ರಲ್ಲಿ ಆಂಡ್ರಾಯ್ಡ್ ಆಟೋ ಬಂದ ಮೇಲೆ ಫೋನಿನ ನಕ್ಷೆಯನ್ನೇ ಕಾರಿನ ಪರದೆಗೆ ತರುವುದು ಸುಲಭವಾಯಿತು. ಮೂಲ ಪರದೆಯನ್ನು ಉಳಿಸಿಕೊಂಡೇ ಒಳಗೆ ಚಿಕ್ಕ ಘಟಕ ಸೇರಿಸುವ ದಾರಿಯೂ ಇದೆ. ಪೋರ್ಷೆ ಕಂಪೆನಿ 2020ರಲ್ಲಿ ತನ್ನ ಹಳೆ ಕಾರುಗಳಿಗೆಂದೇ, ಹಳೆ ಡ್ಯಾಶ್‌ಬೋರ್ಡಿಗೆ ಒಪ್ಪುವ ಹೊಸ ಸೆಟ್ ತಂದಿತು. ತೆರೆದ ಕಾರಿಗೆ ಪರದೆ ಆರಿಸುವಾಗ ಅಂಗಡಿಯ ಟ್ಯೂಬ್‌ಲೈಟಿನಡಿ ನೋಡಿ ಪ್ರಯೋಜನವಿಲ್ಲ, ನಡುಮಧ್ಯಾಹ್ನದ ಬಿಸಿಲಿನಲ್ಲೇ ನೋಡಬೇಕು.

ಗಡಿನಾಡಿನವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಫೋನಿನ ನಕ್ಷೆಯನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು. ಆದರೆ 2021ರಿಂದ ಗೂಗಲ್ ನಕ್ಷೆ ಸ್ಥಳಗಳ ಹೆಸರನ್ನು ಇಂಗ್ಲಿಷಿನಿಂದ ತಾನಾಗಿ ಕನ್ನಡ ಲಿಪಿಗೆ ಇಳಿಸುತ್ತಿರುವುದರಿಂದ ‘ಮಂಜೇಶ್ವರ’ ‘ಮಂಜೇಶ್ವರಂ’ ಆಗಿ ಕಂಡರೆ ಆಶ್ಚರ್ಯವಿಲ್ಲ. ಅದೇ ವರ್ಷ ಜೂನ್‌ನಲ್ಲಿ ಇಲ್ಲಿನ ಊರ ಹೆಸರು ಬದಲಾವಣೆಯ ಸುದ್ದಿ ಎದ್ದಾಗ ಕೇರಳ ಸರಕಾರ ಅಂಥ ತೀರ್ಮಾನವಿಲ್ಲ ಎಂದಿತ್ತು. ಸರಕಾರ ಬದಲಿಸದಿದ್ದರೂ ದಿನವೂ ನೋಡುವ ಪರದೆಯ ಹೆಸರೇ ಮಕ್ಕಳ ಬಾಯಿಯಲ್ಲಿ ಉಳಿಯುವುದು. ತಪ್ಪು ಕಂಡರೆ ತಿದ್ದುಪಡಿ ಸೂಚಿಸಲು ಆ ನಕ್ಷೆಯಲ್ಲೇ ಅವಕಾಶ ಉಂಟು.

ಗಾಳಿಯೊಡನೆ ಜಗಳ

ಮಾಡು ಮಡಚಿ ಹೆದ್ದಾರಿಯಲ್ಲಿ ಓಡುವಾಗ ಗಾಳಿಯ ಮೊರೆತ ಮೊದಲು ಮುಚ್ಚುವುದು ತಬಲೆ, ಮೃದಂಗದ ತಗ್ಗು ದನಿಯನ್ನು. ವಾಲ್ಯೂಮ್ ಏರಿಸಿದರೆ ಕಿವಿಗೆ ನೋವು, ಸ್ಪೀಕರಿಗೆ ಹರಕು. ಡೋರಿನೊಳಗೆ ಅದುರು ತಡೆಯುವ ಹಾಳೆ ಅಂಟಿಸುವುದು, ಕಡಿಮೆ ಪವರಿನಲ್ಲೇ ಜೋರಾಗಿ ನುಡಿಯುವ ಸ್ಪೀಕರ್ ಹಾಕುವುದು, ಮಾಡು ಮುಚ್ಚಿದಾಗ ಒಂದು, ತೆರೆದಾಗ ಇನ್ನೊಂದು ಎಂದು ಎರಡು ಸೆಟ್ಟಿಂಗ್ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಜಪಾನಿನಿಂದ ಬಂದ ಕಾರಾದರೆ ರೇಡಿಯೋವನ್ನೂ ನೋಡಬೇಕು. ಅಲ್ಲಿನ ಹಳೆ ಟ್ಯೂನರ್ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ, ನಮ್ಮ ಎಫ್.ಎಂ. 108ರವರೆಗೆ. ಅಂಥ ಸೆಟ್ಟಿನಲ್ಲಿ ಮಂಗಳೂರು ಆಕಾಶವಾಣಿಯ ಎಫ್.ಎಂ. ಸಿಗದು.

ಸೀಟು, ಕಾನೂನು

ಚರ್ಮದ ಸೀಟಿಗೆ ಬಿಸಿಲು ಒಂದು ಶತ್ರು, ಮಳೆಗಾಲದ ಬೂಷ್ಟು ಇನ್ನೊಂದು. 2007ರಲ್ಲಿ ಬಂದ ಬಿಎಂಡಬ್ಲ್ಯು 3 ಸೀರಿಸ್ ಕನ್ವರ್ಟಿಬಲ್‌ನಲ್ಲಿ ಬಿಸಿಲು ಪ್ರತಿಫಲಿಸುವ ಚರ್ಮ ಹಾಕಿ, ಸೀಟಿನ ಬಿಸಿ 20 ಡಿಗ್ರಿವರೆಗೆ ತಗ್ಗುತ್ತದೆ ಎಂದು ಕಂಪೆನಿ ಹೇಳಿತ್ತು. ಕುಶನ್ ಅಂಗಡಿಯಲ್ಲಿ ಹೊಸ ಚರ್ಮ ಹೊಲಿಸುವವರು ತಿಳಿಬಣ್ಣ ಆರಿಸಿದರೆ ಕೂರುವಾಗ ಸುಡುವುದು ಕಡಿಮೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಹೊಲಿಗೆ ಮುಚ್ಚುವ ಕವರ್ ಖಂಡಿತ ಬೇಡ.

ಕೇರಳದಿಂದ ಹೋದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ ಬೀಳಬಹುದು. ಆರ್.ಸಿ.ಯಲ್ಲಿ ಆಡಿಯೋ ಸೆಟ್ಟಿನ ವಿವರ ಇರುವುದಿಲ್ಲ, ಬಣ್ಣದ ವಿವರ ಇರುತ್ತದೆ. ಸೆಟ್ ಬದಲಿಸುವ ನೆಪದಲ್ಲಿ ಸ್ಟಿಯರಿಂಗ್ ಕಿತ್ತು ಏರ್‌ಬ್ಯಾಗ್ ಕಳೆದುಕೊಂಡರೆ ದಂಡಕ್ಕಿಂತ ದೊಡ್ಡದು ಜೀವದ ಪ್ರಶ್ನೆ.

ತೆಗೆದ ಹಳೆ ಸೆಟ್ಟನ್ನು ಗುಜರಿಗೆ ಕೊಡದೆ ಪೆಟ್ಟಿಗೆಯಲ್ಲಿ ಕಟ್ಟಿಡುವುದು ಜಾಣತನ. ಮುಂದೆ ಕಾರು ಕೊಳ್ಳುವವರು ಮೊದಲು ಕೇಳುವುದೇ, ‘ಒರಿಜಿನಲ್ ಉಂಟಾ?’ ಎಂದು.