ಕಾಡುದಾರಿಗೆ ಮುನ್ನ ಸಾಮಾನಿನ ಪರೀಕ್ಷೆ

ವಟ್ವಾದ ಕಾರ್ಖಾನೆಗಳ ಹೊಗೆಯ ನಡುವೆ ವರ್ಷವೆಲ್ಲ ಕಳೆಯುವ ನಮಗೆ ಕಾಡುಮೇಡುಗಳ ನಡಿಗೆ ದೇಹಕ್ಕೂ ಮನಸ್ಸಿಗೂ ಹಿತಕರವಾದುದು. ಅದಕ್ಕಾಗಿ ಮಲೆನಾಡಿಗೇ ಹೋಗಬೇಕೆಂದಿಲ್ಲ. ಕಾರ್ತಿಕ ಶುದ್ಧ ಏಕಾದಶಿಯಿಂದ ಹುಣ್ಣಿಮೆಯವರೆಗೆ ಜುನಾಗಢದಲ್ಲಿ ಗಿರನಾರ್ ಪರ್ವತದ ‘ಲೀಲಿ ಪರಿಕ್ರಮಾ’ ನಡೆಯುವ ಸಂಪ್ರದಾಯವಿದೆ. ಲೀಲಿ ಎಂದರೆ ಹಸಿರು. ಭವನಾಥದಿಂದ ಹೊರಟು ಮಾಳವೇಲಾ, ಬೋರದೇವಿಗಳ ಮೂಲಕ ಮರಳಿ ಭವನಾಥಕ್ಕೆ ಸುಮಾರು 36 ಕಿಲೋಮೀಟರುಗಳ ದಾರಿ. ಸಿಂಹ, ಚಿರತೆಗಳು ವಾಸಿಸುವ ಅರಣ್ಯವದು. ಅನ್ನಕ್ಷೇತ್ರಗಳಿದ್ದರೂ ಅವರವರ ಹೊರೆಯನ್ನು ಅವರವರೇ ಹೊರಬೇಕು.

ಕೆಲವು ವರ್ಷಗಳ ಹಿಂದೆ ನನ್ನೊಡನೆ ಬಂದ ಮಿತ್ರರೊಬ್ಬರು ಹೊರಡುವ ಮುನ್ನಾದಿನ ಹೊಸ ಬೂಟುಗಳನ್ನು ಕೊಂಡಿದ್ದರು. ಅವರು ಮಧುಮೇಹಿಗಳು. ಬಹುಕಾಲದ ಮಧುಮೇಹವು ಪಾದಗಳ ಸ್ಪರ್ಶಜ್ಞಾನವನ್ನು ಕುಗ್ಗಿಸಬಲ್ಲದು. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದದ್ದು ಅವರಿಗೆ ತಿಳಿದದ್ದು ರಾತ್ರಿ ಕಾಲುಚೀಲ ಕಳಚಿದಾಗಲೇ. ಆ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಬೂಟು ಬೆಲೆಬಾಳುವುದೇ ಆಗಿತ್ತು, ಆದರೆ ಪರೀಕ್ಷಿಸಿದ್ದಾಗಿರಲಿಲ್ಲ.

ಆದುದರಿಂದ ಸಾಮಾನುಗಳನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬೇಕು. ನಡೆದಂತೆ ಪಾದಗಳು ಊದುವುದರಿಂದ ಬೂಟುಗಳನ್ನು ಸಂಜೆಯ ವೇಳೆ, ದಪ್ಪ ಕಾಲುಚೀಲ ಧರಿಸಿ ಕೊಳ್ಳುವುದು ಒಳ್ಳೆಯದು. ಬೆರಳುಗಳ ಮುಂದೆ ಹೆಬ್ಬೆರಳಗಲ ಸ್ಥಳವಿರಲಿ. ಅನಂತರ ಕೆಲವು ವಾರಗಳ ಕಾಲ ಅವನ್ನೇ ಧರಿಸಿ ಕಾಂಕರಿಯಾ ಕೆರೆಯನ್ನು ಸುತ್ತಿರಿ. ಎಲ್ಲಿಯಾದರೂ ಕೆಂಪಾದರೆ ಮನೆಯಲ್ಲೇ ತಿಳಿದುಹೋಗುವುದು.

ಬೆನ್ನುಚೀಲವನ್ನು ಪೂರ್ತಿ ತುಂಬಿ ತೂಗಿರಿ. ಅದು ದೇಹತೂಕದ ಐದನೆಯ ಒಂದು ಭಾಗವನ್ನು ಮೀರದಿರಲಿ; ನಲವತ್ತು ದಾಟಿದವರಿಗೆ ಇನ್ನೂ ಕಡಿಮೆ ಇದ್ದರೆ ಲೇಸು. ಸೊಂಟಪಟ್ಟಿಯನ್ನು ಬಿಗಿದಾಗ ಭಾರದ ಬಹುಪಾಲು ಭುಜಗಳನ್ನು ಬಿಟ್ಟು ಸೊಂಟಕ್ಕೆ ಇಳಿಯಬೇಕು. ಆ ಹೊರೆಯೊಡನೆ ನಾಲ್ಕು ಮಹಡಿಗಳನ್ನು ಹತ್ತಿ ಇಳಿದು ನೋಡಿರಿ. ಚೀಲದೊಳಗೆ ಹಳೆಯ ವೃತ್ತಪತ್ರಿಕೆಗಳನ್ನಿರಿಸಿ ಹತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿದರೆ, ಮಳೆಯನ್ನು ತಡೆಯುವುದೋ ಇಲ್ಲವೋ ಗೊತ್ತಾಗುವುದು. ಟಾರ್ಚನ್ನು ಒಂದು ರಾತ್ರಿ ಹಚ್ಚಿಟ್ಟು, ಎಷ್ಟು ಗಂಟೆ ಬೆಳಗಿತೆಂದು ಗುರುತು ಹಾಕಿಕೊಳ್ಳಿರಿ.

ಹತ್ತಿಯ ಬಟ್ಟೆ ನೆನೆದರೆ ಬೇಗ ಒಣಗದೆ ಚಳಿ ತರುತ್ತದೆ. ಒಂದು ಉಣ್ಣೆಯ ಅಂಗಿ ಜೊತೆಗಿರಲಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಿದರೆ ಬೇಧಿಯಿಂದ ಬಳಲಿದವರಿಗೆ ಆಸರೆಯಾಗುತ್ತದೆ. ಮಧುಮೇಹಿಗಳು ಔಷಧಿ, ಕಾಡಿಗೆ ಹೋಗುವ ವಿಚಾರ ಎರಡನ್ನೂ ವೈದ್ಯರೊಡನೆ ಮೊದಲೇ ಮಾತನಾಡಬೇಕು. ದಾರಿಯಲ್ಲಿ ಪ್ರತಿ ವಿಶ್ರಾಂತಿಯಲ್ಲೂ ಪಾದಗಳನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕು. ಕೊರಳಲ್ಲಿ ಒಂದು ಸೀಟಿ ಇರಲಿ. ದಾರಿ ತಪ್ಪಿದರೆ ಅಲ್ಲೇ ನಿಂತು, ಬಿಟ್ಟು ಬಿಟ್ಟು ಮೂರು ಮೂರು ಸಲ ಊದಬೇಕು.

ಬ್ಯಾಂಕಿನಲ್ಲಿ ನಾವು ಕಾಗದಪತ್ರಗಳನ್ನು ಪರಿಶೀಲಿಸದೆ ಸಾಲ ಕೊಡುವುದಿಲ್ಲ. ನಮ್ಮ ಜೀವವನ್ನು ಒಪ್ಪಿಸುವ ಸಾಮಾನಿಗೂ ಅಷ್ಟೇ ಎಚ್ಚರಿಕೆ ಸಲ್ಲಬೇಡವೇ?