ಒದ್ದೆ ಬಟ್ಟೆ ಆರುವ ತನಕ

ಗದುಗಿನ ವೀರನಾರಾಯಣ ದೇವಾಲಯವನ್ನು ಸಂದರ್ಶಿಸಿದವರಿಗೆ ಅಲ್ಲಿಯ ಒಂದು ಕಂಬವನ್ನು ತೋರಿಸುವುದುಂಟು. ಕುಮಾರವ್ಯಾಸನು ಕನ್ನಡ ಭಾರತವನ್ನು ರಚಿಸಿದ್ದು ಆ ಕಂಬದ ಬಳಿ ಕುಳಿತು ಎಂದು ಜನ ನಂಬುತ್ತಾರೆ. ಕವಿಯು ಪ್ರತಿದಿನವೂ ಮಿಂದು ಒದ್ದೆ ಬಟ್ಟೆಯಲ್ಲಿಯೇ ದೇವರ ಸನ್ನಿಧಿಗೆ ಬಂದು ಕುಳಿತುಕೊಳ್ಳುತ್ತಿದ್ದನಂತೆ. ಬಟ್ಟೆ ಆರುವ ತನಕ ಪದ್ಯಗಳು ಒಂದರ ಬೆನ್ನಿಗೊಂದು ಬರುತ್ತಿದ್ದುವಂತೆ. ಅದು ಆರಿದೊಡನೆ ಅಂದಿನ ರಚನೆ ನಿಲ್ಲುತ್ತಿದ್ದಿತಂತೆ. ಐತಿಹ್ಯವನ್ನು ಇತಿಹಾಸವೆಂದು ಎಣಿಸಬೇಕಾಗಿಲ್ಲ. ಭಕ್ತರು ಇದನ್ನು ದೈವಕೃಪೆಯ ಕುರುಹಾಗಿ ಹೇಳುತ್ತಾರೆ. ಆದರೆ ಬರವಣಿಗೆಯ ಕಷ್ಟವನ್ನು ಕಂಡವನ ಕಣ್ಣಿಗೆ ಈ ಕಥೆಯಲ್ಲಿ ಬೇರೊಂದು ಸಂಗತಿಯೂ ಬೀಳುತ್ತದೆ. ಗದುಗಿನ ಬಿಸಿಲಿನಲ್ಲಿ ಒಂದು ಒದ್ದೆ ಬಟ್ಟೆ ಆರಲು ಎಷ್ಟು ಹೊತ್ತು ಬೇಕು? ಹತ್ತು ಪರ್ವಗಳ ಮಹಾಕಾವ್ಯಕ್ಕೆ ಜನಮನವು ಕೊಟ್ಟಿರುವ ಕಾಲ ಇಷ್ಟು ಕಿರಿದು. ಸ್ನಾನ ಒಂದು ದಿನವೂ ತಪ್ಪುವಂತಿಲ್ಲ. ಆದುದರಿಂದ ರಚನೆಯೂ ತಪ್ಪುವಂತಿಲ್ಲ. ದಿನಕ್ಕೆ ಐದೇ ಪದ್ಯವೆಂದು ಹಿಡಿದರೂ ವರ್ಷಕ್ಕೆ 1,800ಕ್ಕೆ ಮೇಲಾಗುತ್ತದೆ. ಹಲಗೆ ಬಳಪಗಳ ಹಂಗಿಲ್ಲದೆ, ಬರೆದುದನ್ನು ಅಳಿಸದೆ ಕಾವ್ಯ ರಚಿಸಿದುದು ತನ್ನ ಹೆಗ್ಗಳಿಕೆಯೆಂದು ಕವಿ ಸ್ವತಃ ಹೇಳಿಕೊಂಡಿದ್ದಾನೆ. ಹಾಗಿದ್ದಲ್ಲಿ ಕುಳಿತ ಹೊತ್ತಿನಲ್ಲಿ ನಡೆದುದು ಕೆಲಸದ ಕೊನೆಯ ಭಾಗ ಮಾತ್ರ. ಉಳಿದುದೆಲ್ಲ ಅದಕ್ಕೆ ಮೊದಲೇ, ಅನ್ಯ ಕೆಲಸಗಳ ನಡುವೆ, ಮನಸ್ಸಿನಲ್ಲಿ ನಡೆದಿರಬೇಕು.

ಬರೆಯಬೇಕೆಂಬ ಹಂಬಲವುಳ್ಳ ಅಧ್ಯಾಪಕರು ನಮ್ಮ ಶಾಲೆಗಳಲ್ಲಿ ಎಂದಿಗೂ ಕಡಿಮೆಯಾಗಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ನಾಲ್ಕು ಕವಿತೆಗಳನ್ನು ಬರೆದು, ಅವುಗಳಲ್ಲೊಂದನ್ನು ಪತ್ರಿಕೆಗೆ ಕಳಿಸಿ, ಅಚ್ಚಾದುದನ್ನು ಕಂಡು ಹಿಗ್ಗಿ, ಹತ್ತು ವರ್ಷಗಳ ಅನಂತರ “ಬಿಡುವಾದರೆ ಬರೆಯಬಹುದಿತ್ತು” ಎನ್ನುವವರು ಪ್ರತಿಯೊಂದು ಊರಿನಲ್ಲಿಯೂ ದೊರೆಯುತ್ತಾರೆ. ಅವರ ಮಾತು ಸುಳ್ಳಲ್ಲ. ಪಾಠದ ಟಿಪ್ಪಣಿ, ಉತ್ತರಪತ್ರಿಕೆಗಳ ಕಟ್ಟು, ಜನಗಣತಿ, ಚುನಾವಣೆಯ ಕೆಲಸ, ಬಂಧುಗಳ ಮದುವೆ, ಊರ ಜಾತ್ರೆ, ಕಟ್ಟುತ್ತಿರುವ ಮನೆ, ತಂದೆತಾಯಿಗಳ ಕಾಯಿಲೆ, ಇವೆಲ್ಲ ತಳ್ಳಿಬಿಡಬಹುದಾದ ಕೆಲಸಗಳಲ್ಲ. ಈಚೆಗೆ ಅಂಗೈಯ ಮೊಬೈಲು ಉಳಿದ ಚೂರುಪಾರು ಹೊತ್ತನ್ನೂ ತಿಂದುಹಾಕುತ್ತಿದೆ. ಬಿಡುವಿಲ್ಲವೆಂಬುದು ನಿಜವಾಗಿರುವಾಗ, ಬಿಡುವಿಲ್ಲದವರು ಹಿಂದೆ ಹೇಗೆ ಬರೆದರೆಂದು ವಿಚಾರಿಸುವುದು ಉಚಿತ.

ಈ ವಿಚಾರವನ್ನು ಬೀಸುವ ಕಲ್ಲಿನಿಂದಲೇ ಆರಂಭಿಸಬೇಕು. ವಿದ್ಯುತ್ತಿನ ಗಿರಣಿಗಳು ಹಳ್ಳಿಗಳನ್ನು ಮುಟ್ಟುವುದಕ್ಕೆ ಮೊದಲು ಉತ್ತರ ಕರ್ನಾಟಕದ ಹೆಣ್ಣುಮಗಳ ದಿನ ಇನ್ನೂ ಕತ್ತಲೆ ಇರುವಾಗಲೇ ಜೋಳ ಬೀಸುವುದರಿಂದ ತೊಡಗುತ್ತಿತ್ತು. ಆಕೆಗೆ ಹಾಳೆಯಿರಲಿಲ್ಲ, ಅಕ್ಷರವಿರಲಿಲ್ಲ, ಬಿಡುವೆಂಬ ಮಾತೇ ಇರಲಿಲ್ಲ. ಇದ್ದುದು ಗೂಟ ಹಿಡಿದ ಕೈ, ಅದರ ಲಯ, ಎದುರಿಗೆ ಕುಳಿತ ಅತ್ತಿಗೆಯೋ ನೆರೆಮನೆಯವಳೋ ಒಬ್ಬಳು. ಈ ಲಯಕ್ಕೆ ತ್ರಿಪದಿ ಹೇಳಿ ಮಾಡಿಸಿದ ಛಂದಸ್ಸು. ಮೂರೇ ಸಾಲು, ಕಲ್ಲು ಕೆಲವು ಸುತ್ತು ಸುತ್ತುವಷ್ಟರಲ್ಲಿ ಒಂದು ಪದ ಮುಗಿಯುತ್ತದೆ. ಮಧ್ಯದಲ್ಲಿ ಕೂಸು ಅತ್ತರೆ ಎದ್ದುಹೋಗಿ ಬಂದು ಮುಂದಿನ ಪದವನ್ನು ಎತ್ತಿಕೊಳ್ಳಬಹುದು, ಕಟ್ಟು ಕೆಡುವುದಿಲ್ಲ. ತವರು, ತಾಯಿ, ಅಣ್ಣ, ಬಂಜೆತನದ ನೋವು, ಮಳೆ, ಕೂಸಿನ ಆಟ ಎಲ್ಲವೂ ಆ ಮೂರು ಸಾಲುಗಳಲ್ಲಿ ಅಡಗಿದುವು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂತಹ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದಾಗ, ಕನ್ನಡದ ವಿದ್ವತ್ಪ್ರಪಂಚವು ಕಾವ್ಯವೆಂದು ತಲೆದೂಗಿತು. ದುಡಿಮೆಯನ್ನು ನಿಲ್ಲಿಸಿ ರಚಿಸಿದ ಪದ ಅದರಲ್ಲಿ ಎಷ್ಟಿದ್ದೀತು?

ಶಿವಶರಣರ ವಿಷಯವೂ ಇದಕ್ಕೆ ದೂರವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕವನ್ನು ಬಿಟ್ಟು ಅನುಭಾವವಿರಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು; ಲೆಕ್ಕಪತ್ರಗಳ ಹೊಣೆ, ರಾಜಕಾರ್ಯದ ತೊಡಕು, ಅರಮನೆಯ ಅಸೂಯೆ ಇವುಗಳೊಡನೆಯೇ ಅವರ ವಚನಗಳು ಹುಟ್ಟಿದುವು. ಅಂಬಿಗರ ಚೌಡಯ್ಯನವರದು ದೋಣಿ ನಡೆಸುವ ಕಾಯಕ, ನುಲಿಯ ಚಂದಯ್ಯನವರದು ಹಗ್ಗ ಹೊಸೆಯುವ ಕಾಯಕ. ಶರಣೆ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಅಂಗಾಂಗಗಳನ್ನೇ ವಚನಕ್ಕೆ ವಸ್ತುವಾಗಿ ಮಾಡಿಕೊಂಡಳು. ನೂಲುವ ಕೆಲಸ ಆಕೆಯ ಬರವಣಿಗೆಗೆ ಅಡ್ಡಿಯಾಗಿರಲಿಲ್ಲ, ಸಾಮಗ್ರಿಯಾಗಿತ್ತು. ವಚನವು ಕಿರಿದಾದುದಕ್ಕೆ ಕಾಯಕವೊಂದೇ ಕಾರಣವೆಂದು ಸಾಧಿಸಲು ಹೊರಡುವುದು ಅತಿಯಾದೀತು. ಅನುಭಾವದ ನುಡಿಗೆ ತನ್ನದೇ ಆದ ಬಿಗಿಯುಂಟು. ಆದರೂ ಒಂದು ಮಾತು ಸ್ಪಷ್ಟ. ಎದೆಯಲ್ಲಿ ಹೊತ್ತು ತಿರುಗಬಹುದಾದಷ್ಟು ಚಿಕ್ಕದು, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮುರಿಯದೆ ಹೋಗಬಹುದಾದಷ್ಟು ಗಟ್ಟಿಯಾದುದು ವಚನ. ಕೊನೆಯಲ್ಲಿ ಬರುವ ಅಂಕಿತವು ಭಕ್ತಿಯ ಮುದ್ರೆ ಹೇಗೋ ಹಾಗೆಯೇ, ಬಾಯಿಂದ ಬಾಯಿಗೆ ಸಾಗುವ ಮಾತು ಯಾರದೆಂದು ಗುರುತಿಸುವ ಸಾಧನವೂ ಆಯಿತು. ದುಡಿಯುವ ಜನರ ಸಾಹಿತ್ಯಕ್ಕೆ ಇದಕ್ಕಿಂತ ಒಪ್ಪುವ ಏರ್ಪಾಡು ಬೇರೆ ಇರಲಾರದು.

ಮುಂದೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ರಚಿಸಿದುದು ಹಾಡಿಕೊಳ್ಳಲು ಸುಲಭವಾದ ಸಾಂಗತ್ಯದಲ್ಲಿ. ಕರೆದಾಗ ಎದ್ದುನಿಲ್ಲಬೇಕಾದ ಊಳಿಗದವಳಿಗೆ ನಾಲಗೆಯ ಮೇಲೆ ನಿಲ್ಲುವ ಮಟ್ಟು ಬೇಕಾಗಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಶಾಲಾ ಅಧ್ಯಾಪಕರಿಗೆ ಇವರೆಲ್ಲರಿಗಿಂತ ಹತ್ತಿರದವನು ಮುದ್ದಣ. ನಂದಳಿಕೆ ಲಕ್ಷ್ಮೀನಾರಣಪ್ಪನೆಂಬುದು ಅವನ ನಿಜನಾಮ. 1870ರಲ್ಲಿ ಜನನ, 1901ರಲ್ಲಿ ಕ್ಷಯರೋಗದಿಂದ ಮರಣ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿ ದುಡಿದವನು. ಬಡತನ, ಸಂಸಾರ, ರೋಗ ಮೂರೂ ಬೆನ್ನುಹತ್ತಿದ್ದುವು. ಮಕ್ಕಳಿಗೆ ಕವಾಯತು ಕಲಿಸುವ ಮೇಷ್ಟರೊಬ್ಬನು ಹಳಗನ್ನಡದಲ್ಲಿ ಕಾವ್ಯ ಬರೆದನೆಂದರೆ ಯಾರು ಮೂಸಿ ನೋಡಿಯಾರು ಎಂಬ ಅಳುಕು ಬೇರೆ. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ ಈ ಮೂರನ್ನೂ ಯಾವುದೋ ಹಳೆಯ ಕವಿಯ ಕೃತಿಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದನು. ಅವು ಅಚ್ಚಾದುವು, ಕೀರ್ತಿ ಮಾತ್ರ ಇಲ್ಲದ ಹಳೆಯ ಕವಿಯ ಪಾಲಾಯಿತು. ಇವನೇ ಕರ್ತೃವೆಂದು ನಾಡು ಒಪ್ಪಿಕೊಂಡಾಗ ಅವನು ಬದುಕಿರಲಿಲ್ಲ.

‘ರಾಮಾಶ್ವಮೇಧ’ದ ತೊಡಗು ಕನ್ನಡಿಗರೆಲ್ಲರೂ ಬಲ್ಲದು. ಮಳೆಗಾಲದ ಒಂದು ದಿನ. ಅರಮನೆಯಿಂದ ಮನೆಗೆ ಮರಳಿದ ಗಂಡ. ಉಪಚರಿಸಿ ಒಳ್ಳೆಯ ಕಥೆಯೊಂದನ್ನು ಹೇಳೆಂದು ಕಾಡುವ ಮಡದಿ ಮನೋರಮೆ. ಕಥೆ ಸಾಗುವಾಗಲೂ ಆಕೆ ನಡುನಡುವೆ ತಡೆಯುತ್ತಾಳೆ, ಕೊಂಕು ತೆಗೆಯುತ್ತಾಳೆ, ಅರ್ಥವಾಗದ ಸಂಸ್ಕೃತವನ್ನು ಬೇಡವೆನ್ನುತ್ತಾಳೆ. ಕೃತಿಯಲ್ಲಿ ರಾಮಕಥೆಗಿಂತ ಈ ಸಲ್ಲಾಪವೇ ಇಂದು ಹೆಚ್ಚು ಜೀವಂತವಾಗಿ ಉಳಿದಿದೆಯೆಂಬುದನ್ನು ಗಮನಿಸಬೇಕು. ಕೆಲಸ ಮುಗಿಸಿ ದಣಿದು ಬಂದವನ ಸಂಜೆ, ಮನೆಯವರ ಮಾತು, ಮಾತಿನ ಅಡಚಣೆ, ಸಾಮಾನ್ಯವಾಗಿ ಬರೆಯುವವರು ಗೊಣಗುವುದು ಇವುಗಳನ್ನು ಕುರಿತೇ. ಮುದ್ದಣನು ಅವನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳಲಿಲ್ಲ. ಗ್ರಂಥದೊಳಕ್ಕೇ ಕರೆದು ಕೂರಿಸಿದನು.

ಗದ್ಯದ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಹಾಡಿನ ಊರೆಗೋಲಿಲ್ಲ. ಕುಳಿತು ಬರೆಯುವ ಹೊತ್ತು ಬೇಕೇಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸೇವೆಗೆ ಸೇರಿ 1943ರಲ್ಲಿ ಹೊರಬಂದರು. ಅಧಿಕಾರಿಯ ಕಡತಗಳೇನು, ಸುತ್ತಾಟವೇನು! ಆ ಕಾಲದಲ್ಲಿ ಅವರಿಂದ ಹೊರಬಂದುದು ಮುಖ್ಯವಾಗಿ ಸಣ್ಣ ಕಥೆಗಳು. ಮೊದಲನೆಯ ಸಂಗ್ರಹ ಬೆಳಕು ಕಂಡುದು 1920ರಲ್ಲಿ. 1928ರ ‘ಸುಬ್ಬಣ್ಣ’ ಕೂಡ ನೀಳ್ಗತೆಯೇ. ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎಂಬ ದೊಡ್ಡ ಕಾದಂಬರಿಗಳಿಗೆ ಅವರು ಕೈಹಾಕಿ ಮುಗಿಸಿದುದು ನೌಕರಿಯನ್ನು ಬಿಟ್ಟ ಮೇಲೆ. ಇದು ಆಕಸ್ಮಿಕವೆಂದು ತೋರುವುದಿಲ್ಲ. ಇದ್ದ ಹೊತ್ತಿಗೆ ಹಿಡಿಸುವ ಪ್ರಕಾರವನ್ನು ಅವರು ಕೈಗೆತ್ತಿಕೊಂಡರು. ಹೊತ್ತು ಹಿಗ್ಗಿದಾಗ ಬರವಣಿಗೆಯೂ ಹಿಗ್ಗಿತು. ಕಥೆಗಳಿಗೆ ಬೇಕಾದ ಜನರನ್ನೂ ಊರುಗಳನ್ನೂ ಒದಗಿಸಿದುದು ಅದೇ ನೌಕರಿಯೆಂಬುದನ್ನು ಮರೆಯಲಾಗದು. ಹಾಗೆಯೇ ಆಡಳಿತದ ಉನ್ನತ ಹುದ್ದೆಗಳಲ್ಲಿದ್ದ ಸಿದ್ಧಯ್ಯ ಪುರಾಣಿಕರು ಆರಿಸಿಕೊಂಡ ಪ್ರಕಾರಗಳಲ್ಲೊಂದು ಮತ್ತೆ ವಚನವೇ. ದೊಡ್ಡ ಕಾದಂಬರಿಯ ಮೊದಲನೆಯ ಅಧ್ಯಾಯವನ್ನು ಪ್ರತಿ ಬೇಸಿಗೆ ರಜೆಯಲ್ಲಿ ಹೊಸದಾಗಿ ಆರಂಭಿಸಿ ಜೂನ್ ತಿಂಗಳಲ್ಲಿ ಕೈಬಿಡುವ ಅಧ್ಯಾಪಕ ಮಿತ್ರರು ಇದನ್ನು ನೋಡಬೇಕು.

ಇಷ್ಟರಿಂದ ಎಲ್ಲವನ್ನೂ ಬಿಡಿ ಗಳಿಗೆಗಳಲ್ಲಿಯೇ ಸಾಧಿಸಬಹುದೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಕೆಲವು ಕೆಲಸಗಳು ಬಿಡುವನ್ನು ಕೇಳುವುದಿಲ್ಲ, ಬಾಳನ್ನೇ ಕೇಳುತ್ತವೆ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಅವರದು ಸ್ವತಂತ್ರ ಕಾವ್ಯವಲ್ಲ, ಸಂಪಾದನೆ. ಆದರೆ ಹೊತ್ತಿನ ಲೆಕ್ಕದಲ್ಲಿ ಅದು ಕಾವ್ಯಕ್ಕಿಂತ ಕಠಿಣ. ಮನೆಮನೆಗಳಿಂದ ತಾಳೆಗರಿಯ ಕಟ್ಟುಗಳನ್ನು ಬೇಡಿ ತಂದು, ಓದಿ, ಪ್ರತಿಮಾಡಿ, ಹೋಲಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಹಾಕಲು ಇದ್ದ ಮನೆಯನ್ನೇ ಮಾರಿದರೆಂಬುದು ನಾಡು ಬಲ್ಲ ಸಂಗತಿ. ಮರುವರ್ಷವೇ ‘ಶಿವಾನುಭವ’ ಪತ್ರಿಕೆ. ನ್ಯಾಯಾಲಯದ ಸಂಪಾದನೆಯ ದಾರಿ ಹಿಂದೆ ಸರಿಯಿತು, ಶಾಸ್ತ್ರಗ್ರಂಥಗಳ ಸಂಪಾದನೆ ಮುಂದೆ ಬಂದಿತು. ಪತ್ರಿಕೆಯ ಇನ್ನೊಂದು ಉಪಕಾರವನ್ನು ಇಲ್ಲಿ ಹೇಳಲೇಬೇಕು. ಸಂಚಿಕೆ ಹೊರಡುವ ದಿನ ಗೊತ್ತಾಗಿರುವಾಗ ಬರೆಯುವವನ ಮನಸ್ಸು ಹೊಯ್ದಾಡುವಂತಿಲ್ಲ. ನಾಳೆಗೆಂದು ಮುಂದೂಡಿದರೆ ಅಚ್ಚಿನ ಮೊಳೆ ಜೋಡಿಸುವವನು ಬಾಗಿಲಲ್ಲಿ ನಿಂತಿರುತ್ತಾನೆ. ಕುಮಾರವ್ಯಾಸನ ಒದ್ದೆ ಬಟ್ಟೆ ಮಾಡಿದ ಕೆಲಸವನ್ನೇ ಇಲ್ಲಿ ಸಂಚಿಕೆಯ ತಾರೀಖು ಮಾಡಿತು.

ಈ ತ್ಯಾಗದ ಕಥೆಗಳನ್ನು ಹೊಗಳುವ ನಮ್ಮ ಲೇಖನಗಳು ಒಂದು ಕಡೆ ಸಾಮಾನ್ಯವಾಗಿ ಕಣ್ಣು ಮುಚ್ಚುತ್ತವೆ. ಮನೆ ಮಾರಿದಾಗ ಮನೆಯಿಲ್ಲದವರಾದವರು ಒಬ್ಬರಲ್ಲ. ಗಂಡಸೊಬ್ಬನು ಬೆಳಗಿನ ಜಾವ ಎದ್ದು ಬರೆಯುತ್ತಾನೆಂದರೆ ಅಷ್ಟು ಹೊತ್ತಿಗೆ ಎದ್ದು ಒಲೆ ಹೊತ್ತಿಸಿದವಳು, ಮಕ್ಕಳನ್ನು ಸದ್ದು ಮಾಡದಂತೆ ಕಾಯ್ದವಳು ಇನ್ನೊಬ್ಬಳಿರುತ್ತಾಳೆ. ಅದೇ ಮನೆಯಲ್ಲಿ ಆಕೆಗೂ ಬರೆಯುವ ಮನಸ್ಸಿದ್ದರೆ ಆ ಹೊತ್ತನ್ನು ಯಾರು ಕೊಡುವರು? ಬೀಸುವ ಕಲ್ಲಿನ ಕವಯಿತ್ರಿಯರಲ್ಲಿ ಒಬ್ಬಳ ಹೆಸರೂ ಉಳಿದಿಲ್ಲ. ಇಂದು ನಮ್ಮ ಶಾಲೆಗಳಲ್ಲಿ ಅಧ್ಯಾಪಿಕೆಯರ ಸಂಖ್ಯೆ ದೊಡ್ಡದು. ಶಾಲೆಯ ದುಡಿಮೆ ಮುಗಿದ ಮೇಲೆ ಅಡಿಗೆಮನೆಯ ದುಡಿಮೆ ಅವರಿಗೆ ತಪ್ಪಿದ್ದಲ್ಲ. ಸಂಜೆಯ ಅರ್ಧ ಗಂಟೆಯನ್ನು ಪತಿ ಒಲೆಯ ಮುಂದೆ ಕಳೆದರೆ ಒಂದು ಕಥೆ ಮುಗಿಯಬಹುದಾದ ಮನೆಗಳು ಹಲವಾರು ಇವೆ.

ಇನ್ನು ಶಾಲೆಯೇ ಮಾಡಬಹುದಾದ ಏರ್ಪಾಡುಗಳ ಮಾತು. ಹೊತ್ತನ್ನು ದಿನದ ಯಾವುದಾದರೊಂದು ತಪ್ಪದ ಕೆಲಸಕ್ಕೆ ಕಟ್ಟಿಹಾಕುವುದು ಒಳ್ಳೆಯದು: ಇಷ್ಟಲಿಂಗ ಪೂಜೆಯ ಬೆನ್ನಿಗೆ, ಅಥವಾ ಪ್ರಾರ್ಥನೆಯ ಗಂಟೆಗೆ ಮುಂಚಿನ ಕಾಲು ತಾಸು. ಉತ್ತರಪತ್ರಿಕೆಗಳನ್ನು ತಿದ್ದಿದ ಮೇಲೆ ಬರೆಯುವೆನೆಂಬುದು ಆಗದ ಮಾತು. ನೂರು ಹುಡುಗರ ತಪ್ಪುಗಳನ್ನು ಕಂಡ ಕಣ್ಣಿಗೆ ತನ್ನ ಸಾಲೂ ತಪ್ಪಾಗಿಯೇ ಕಾಣುತ್ತದೆ. ಗ್ರಂಥಾಲಯದ ಒಂದು ಮೂಲೆಯಲ್ಲಿ ಮೇಜು ಕುರ್ಚಿ ಹಾಕಿ, ಅಲ್ಲಿ ಕುಳಿತವರನ್ನು ಯಾವ ಕೆಲಸಕ್ಕೂ ಕರೆಯಬಾರದೆಂದು ಮುಖ್ಯೋಪಾಧ್ಯಾಯರು ಒಂದು ಕಟ್ಟಳೆ ಮಾಡಿದರೆ ಅದಕ್ಕೆ ಹಣ ಬೇಕಿಲ್ಲ. ದಾನಿಗಳ ನೆರವು ಬೇಕಾಗುವುದು ಕಟ್ಟಡಗಳಿಗೆ. ಇದಕ್ಕೆ ಬೇಕಾದುದು ಮೌನ. ಹಲವು ಶಾಲೆಗಳಲ್ಲಿ ಒಂದು ಕಾಲಕ್ಕಿದ್ದ ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆಗಳು ಮರಳಿ ಬರಬೇಕು, ಅದರಲ್ಲಿ ಮಕ್ಕಳ ಬರಹದ ಜೊತೆಗೆ ಗುರುಗಳ ಬರಹವೂ ಇರಬೇಕು. ಸ್ಮರಣ ಸಂಪುಟಗಳು ಬಹು ವರ್ಷಗಳಿಗೊಮ್ಮೆ ಬರುವಂಥವು. ಅವುಗಳಿಗೆ ಲೇಖನ ಕೊಡಬೇಕಾದ ಕಡೆಯ ದಿನ ಮೂರು ಬಾರಿ ಮುಂದಕ್ಕೆ ಹೋಗುವುದೂ ಎಲ್ಲರಿಗೂ ತಿಳಿದುದೇ. ಭಿತ್ತಿಪತ್ರಿಕೆಯ ದಿನ ಹಾಗೆ ಮುಂದಕ್ಕೆ ಹೋಗುವಂತಿಲ್ಲ. ಸೋಮವಾರದ ಪ್ರಾರ್ಥನೆಗೆ ಮುನ್ನ ಫಲಕದ ಮೇಲೆ ಹೊಸ ಹಾಳೆ ಇರಲೇಬೇಕೆಂದು ಗೊತ್ತಾದರೆ, ಭಾನುವಾರ ಸಂಜೆ ಊರಿನ ಯಾವುದಾದರೊಂದು ಮನೆಯಲ್ಲಿ ಒಬ್ಬ ಮೇಷ್ಟರೋ ಒಬ್ಬ ಅಕ್ಕೋರೋ ಬಾಗಿಲನ್ನು ಸ್ವಲ್ಪ ಮುಂದೆಳೆದುಕೊಂಡು ಕುಳಿತೇ ಇರುತ್ತಾರೆ.