ಎಂಜಿನ್ನೂ ಒಂದು ಒಲೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ಕಡೆಯ ಹಳ್ಳಿಗಳಲ್ಲಿ ಟಿವಿಎಸ್ ಗಾಡಿ ಕಾಣದ ಬೀದಿ ಕಡಿಮೆ. ಹೊಲಕ್ಕೆ ಬುತ್ತಿ, ಡೇರಿಗೆ ಹಾಲು, ಸಂತೆಗೆ ತೆಂಗಿನಕಾಯಿ, ಎಲ್ಲಕ್ಕೂ ಅದೇ ಬೇಕು. ಈಗ ನಾವು ಹೆಂಗಸರೂ ಅದನ್ನು ಓಡಿಸುತ್ತೇವೆ.

ಒಂದು ದಿನ ಗಾಡಿ ಹಟ ಹಿಡಿಯುತ್ತದೆ. ಎಷ್ಟು ತುಳಿದರೂ ಸ್ಟಾರ್ಟ್ ಆಗುವುದಿಲ್ಲ. ಆದರೂ ಏರು ಹತ್ತುವುದಿಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. “ಕಾರ್ಬನ್ ಕಟ್ಟೈತೆ ಕಣಕ್ಕಾ” ಅಂತಾನೆ ಮೆಕ್ಯಾನಿಕ್. ಹಂಗಂದ್ರೇನು?

ಒಲೆಗೆ ಹಸಿ ಸೌದೆ ಇಟ್ಟರೆ ಏನಾಗುತ್ತದೆ? ಸರಿಯಾಗಿ ಉರಿಯುವುದಿಲ್ಲ. ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಎಂಜಿನ್ನೂ ಒಂದು ಒಲೆಯೇ. ಅದರೊಳಗೆ ಪೆಟ್ರೋಲ್ ಉರಿಯುತ್ತದೆ. ಪೂರ್ತಿ ಉರಿಯದೆ ಉಳಿದದ್ದು ಮಸಿಯಾಗಿ ಅಂಟುತ್ತದೆ. ಅದೇ ಕಾರ್ಬನ್. ಈ ಒಲೆಗೆ ಕಿಡಿ ಕೊಡುವುದು ಪ್ಲಗ್. ಪ್ಲಗ್ಗಿಗೆ ಮಸಿ ಹಿಡಿದರೆ ಕಿಡಿ ಸರಿಯಾಗಿ ಹಾರುವುದಿಲ್ಲ.

ಪ್ಲಗ್ಗಿನ ಮಸಿಯನ್ನು ನಾವೇ ತೆಗೆಯಬಹುದು.

1. ಗಾಡಿ ನಿಲ್ಲಿಸಿ. ಎಂಜಿನ್ ಪೂರ್ತಿ ಆರಲಿ. ಬಿಸಿ ಇದ್ದಾಗ ಮುಟ್ಟಬೇಡಿ.
2. ಪ್ಲಗ್ಗಿನ ಮೇಲಿನ ಟೋಪಿ ಎಳೆದು ತೆಗೆಯಿರಿ. ಸುತ್ತಲಿನ ಧೂಳು ಒರೆಸಿ. ಧೂಳು ಒಳಗೆ ಬೀಳಬಾರದು.
3. ಪ್ಲಗ್ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿ ಬಿಚ್ಚಿ.
4. ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು. ಜಿಡ್ಡು ಕಪ್ಪಿದ್ದರೆ ಎಣ್ಣೆ ಹೆಚ್ಚಾಗಿರಬಹುದು.
5. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಒಣ ಬಟ್ಟೆಯಿಂದ ಒರೆಸಿ. ತುದಿ ಬಾಗಿಸಬೇಡಿ. ಬಿಳಿ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಹೊಸ ಪ್ಲಗ್ ತನ್ನಿ.
6. ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ಕೊನೆಗೆ ಸ್ವಲ್ಪವೇ ಬಿಗಿ ಮಾಡಿ. ಅತಿ ಬಿಗಿ ಮಾಡಿದರೆ ಎಂಜಿನ್ನಿನ ಮರೆ ಹಾಳಾಗುತ್ತದೆ.

ಒಂದು ಮಾತು ಮರೆಯಬೇಡಿ. ಈ ಕೆಲಸ ಒಲೆ, ದೀಪ, ಬೀಡಿ ಇರುವ ಕಡೆ ಬೇಡ. ಪೆಟ್ರೋಲಿನ ಆವಿಗೂ ಬೆಂಕಿ ಹತ್ತುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಾಡಿ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವ ತೆಗೆಯುತ್ತದೆ.

ಸೈಲೆನ್ಸರಿನೊಳಗೂ, ಎಂಜಿನ್ನಿನೊಳಗೂ ಮಸಿ ಕಟ್ಟುತ್ತದೆ. ಅದು ಮೆಕ್ಯಾನಿಕ್ ಕೆಲಸ. ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಾಕಬೇಡಿ. ಎಂಜಿನ್ನಿಗೆ ನೀರು ಸುರಿಯಬೇಡಿ.

ಮಸಿ ಕಟ್ಟದಂತೆ ನೋಡಿಕೊಳ್ಳುವುದು ಇನ್ನೂ ಜಾಣತನ. ನಮ್ಮದು ಧೂಳಿನ ದಾರಿ. ಏರ್ ಫಿಲ್ಟರನ್ನು ಆಗಾಗ ಶುಚಿ ಮಾಡಿಸಿ. ಹಳೆಯ ಎಕ್ಸ್‌ಎಲ್ ಸೂಪರ್ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಸಾಮಾನ್ಯವಾಗಿ ಲೀಟರಿಗೆ 20 ಮಿಲಿ. 2 ಲೀಟರಿಗೆ 40 ಮಿಲಿ. “ಒಂದಿಷ್ಟು ಹೆಚ್ಚಿಗೆ ಇರ್ಲಿ ಬಿಡು” ಅಂದರೆ ಮಸಿ ಕಟ್ಟುತ್ತದೆ. ಕಡಿಮೆ ಹಾಕಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. 2015ರಲ್ಲಿ ಬಂದ ಎಕ್ಸ್‌ಎಲ್ 100 ಗಾಡಿಗೆ ಹೀಗೆ ಬೆರೆಸಬಾರದು. ಅದರ ಎಣ್ಣೆಗೆ ಬೇರೆ ಜಾಗವಿದೆ.

ಇದೆಲ್ಲ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಎಣ್ಣೆ ಡಬ್ಬಿಯ ಮೇಲೂ ಅಳತೆ ಇರುತ್ತದೆ. ಮೊದಲು ಯಾರೋ ಹೇಳಿದಷ್ಟು ಸುರಿಯುತ್ತಿದ್ದೆವು. ಈಗ ನಮಗೆ ಓದಲು ಬರುತ್ತದೆ. ಅಂಕಿ ನೋಡಿ, ಅಳೆದು ಹಾಕೋಣ.